ದನದ ಮೈಯೊಳಗಿನ ಕಾವಲು
(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಕಾಲುಬಾಯಿ ಜ್ವರದ ಲಸಿಕೆ ಹಾಕುವವರು ಊರಿಗೆ ಬಂದ ದಿನ ನಮ್ಮಲ್ಲಿ ಕೆಲವರು ದನ ಹೊಡ್ಕೊಂಡು ಹೊಲಕ್ಕೆ ಹೋಗಿಬಿಡ್ತಾರೆ. ಕೇಳಿದರೆ, "ಸೂಜಿ ಹಾಕಿಸಿದ್ರೆ ಹಾಲು ಇಳಿಯುತ್ತೆ, ನಮ್ಮ ಹಸು ಗಟ್ಟಿ ಐತೆ, ಏನೂ ಆಗಲ್ಲ" ಅಂತಾರೆ. ಹಸುವಿನ ಮೈಗೆ ಹುಟ್ಟಿನಿಂದಲೇ ರೋಗ ತಡೆಯುವ ಶಕ್ತಿ ಇರುವುದು ನಿಜ. ಆ ಶಕ್ತಿ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ನಾವು ತಿಳಿದುಕೊಳ್ಳಬೇಕು.

ವೈರಸ್ ತಾನಾಗಿ ಬೆಳೆಯಲಾರದು. ಜೀವಕೋಶದೊಳಗೆ ಹೊಕ್ಕು ಅಲ್ಲಿಯ ಸಾಮಾನಿನಿಂದಲೇ ತನ್ನ ಸಂತಾನ ಬೆಳೆಸುತ್ತದೆ. ಹಾಗೆ ಬೆಳೆಯುವಾಗ ಕಾಲುಬಾಯಿ ಜ್ವರದ ವೈರಸ್ಸು ಉದ್ದನೆಯ ಎರಡೆಳೆಯ ಆರ್.ಎನ್.ಎ. ಉಂಟುಮಾಡುತ್ತದೆ. ಆರೋಗ್ಯದ ಕೋಶದಲ್ಲಿ ಇಂಥ ಎಳೆ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಕೋಶದೊಳಗಿನ ಕಾವಲು ಪ್ರೋಟೀನುಗಳು ಇದು ಹೊರಗಿನದು ಎಂದು ಗುರುತು ಹಿಡಿಯುತ್ತವೆ. ಕೂಡಲೇ ಕೋಶವು ಇಂಟರ್‌ಫೆರಾನ್ ಎಂಬ ವಸ್ತುವನ್ನು ಹೊರಬಿಡುತ್ತದೆ. ಇದನ್ನು 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಎಂಬ ವಿಜ್ಞಾನಿಗಳು ಕಂಡುಹಿಡಿದರು. ಒಂದು ಮನೆಗೆ ಕಳ್ಳ ನುಗ್ಗಿದಾಗ ಆ ಮನೆಯವರು ಕೂಗಿಕೊಂಡರೆ ಅಕ್ಕಪಕ್ಕದವರು ಅಗುಳಿ ಹಾಕಿಕೊಳ್ಳುತ್ತಾರಲ್ಲ, ಹಾಗೆ ಇಂಟರ್‌ಫೆರಾನ್ ತಾಗಿದ ನೆರೆಯ ಕೋಶಗಳು ವೈರಸ್ ಬೆಳೆಯದಂತೆ ಸಿದ್ಧವಾಗುತ್ತವೆ. ಇದೆಲ್ಲ ಕೆಲವೇ ಗಂಟೆಗಳಲ್ಲಿ ನಡೆಯುತ್ತದೆ.

ಆದರೆ ಕಾಲುಬಾಯಿ ಜ್ವರದ ವೈರಸ್ಸು ಕೂಗುವವನ ಬಾಯಿ ಮುಚ್ಚುವ ಕಳ್ಳ. ಅದರ ಒಂದು ಪ್ರೋಟೀನು ಕತ್ತರಿಯ ಹಾಗೆ ಕೋಶದ ಯಂತ್ರವನ್ನೇ ತುಂಡರಿಸಿ ಇಂಟರ್‌ಫೆರಾನ್ ತಯಾರಾಗದಂತೆ ತಡೆಯುತ್ತದೆ. ವೈರಸ್ಸನ್ನು ಹಿಡಿಯುವ ಪ್ರತಿಕಾಯಗಳನ್ನು ಮೈ ಹೊಸದಾಗಿ ತಯಾರಿಸಲು ಹಲವು ದಿನ ಬೇಕು. ಅಷ್ಟರೊಳಗೆ ಬಾಯಿ, ಗೊರಸಿನಲ್ಲಿ ಬೊಬ್ಬೆ ಎದ್ದಿರುತ್ತವೆ. ಎಳೆಗರುಗಳಾದರೆ ಹೃದಯಕ್ಕೆ ಪೆಟ್ಟು ಬಿದ್ದು ಸಾಯುವುದೂ ಉಂಟು.

ಲಸಿಕೆಯಲ್ಲಿ ಇರುವುದು ಸತ್ತ ವೈರಸ್ಸು. ಕಳ್ಳನ ಮುಖವನ್ನು ಮೊದಲೇ ತೋರಿಸಿಟ್ಟ ಹಾಗೆ. ಪ್ರತಿಕಾಯಗಳು ಸಿದ್ಧವಿದ್ದರೆ ವೈರಸ್ ಕೋಶದ ಬಾಗಿಲು ಮುಟ್ಟುವ ಮೊದಲೇ ಹಿಡಿಯುತ್ತವೆ. ಈ ನೆನಪು ಬೇಗ ಮಾಸುವುದರಿಂದ ಆರು ತಿಂಗಳಿಗೊಮ್ಮೆ ಹಾಕಿಸಬೇಕು. ಸೂಜಿಯ ನಂತರ ಒಂದೆರಡು ದಿನ ಹಾಲು ಸ್ವಲ್ಪ ಇಳಿಯಬಹುದು. ಆದರೆ ರೋಗ ಬಂದು ಹೋದ ಹಸು ಎಷ್ಟೋ ಸಲ ಮೊದಲಿನ ಹಾಲಿಗೆ ಬರುವುದೇ ಇಲ್ಲ. ಲೆಕ್ಕ ನೀವೇ ಹಾಕಿ.

ನಮ್ಮ ಹಿರಿಯರ ಕೊಟ್ಟಿಗೆಗಳನ್ನು ಬರಿದು ಮಾಡಿದ ದೊಡ್ಡರೋಗವು ಲಸಿಕೆಯ ಬಲದಿಂದ ಲೋಕದಿಂದಲೇ ಅಳಿಯಿತೆಂದು 2011ರಲ್ಲಿ ಸಾರಲಾಯಿತು. ಕಾಲುಬಾಯಿ ಜ್ವರಕ್ಕೂ 2019ರಿಂದ ದೇಶದಾದ್ಯಂತ ಸರ್ಕಾರದ ಲಸಿಕೆ ಕಾರ್ಯಕ್ರಮ ನಡೆದಿದೆ. ಒಬ್ಬರ ಕೊಟ್ಟಿಗೆ ಬಿಟ್ಟುಹೋದರೂ ರೋಗಕ್ಕೆ ಅದೇ ದಾರಿ. ಒಬ್ಬರಿಗಾಗಿ ಎಲ್ಲರೂ ಎಂಬುದು ಸಹಕಾರದ ಮಾತು. ಅದು ಕೊಟ್ಟಿಗೆಯಲ್ಲೂ ನಡೆಯಲಿ ಎಂದು ಕೋರಿ ನಮ್ಮ ಮಾತು ಮುಗಿಸುತ್ತೇವೆ.