ಗೀಟಿಲ್ಲದ ಪಟ್ಟಿ

ತಿಂಗಳ ಸಾಮಾನಿನ ಚೀಟಿ ಬರೆಯುವುದೆಂದರೆ ನಮ್ಮ ಮನೆಯಲ್ಲಿ ಹಿಂದೆ ಒಂದು ಸಣ್ಣ ಸಭೆಯೇ ನಡೆಯುತ್ತಿತ್ತು. ಮನೆಯಾಕೆ ಅಡುಗೆಮನೆಯ ಡಬ್ಬಗಳನ್ನು ಅಲ್ಲಾಡಿಸಿ ನೋಡಿ ಹೇಳುವುದು, ನಾನು ಬರೆಯುವುದು, ನಡುವೆ ಮಗಳು ತನ್ನ ಬಿಸ್ಕತ್ತನ್ನು ಸೇರಿಸುವುದು, ಕೊನೆಗೆ ಮೊತ್ತವನ್ನು ಅಂದಾಜು ಮಾಡಿ ಹೆದರಿದ ನಾನು ಒಂದೆರಡು ಬಾಬುಗಳನ್ನು ಹೊಡೆದುಹಾಕುವುದು. ಹೊಡೆದದ್ದು ಎಲ್ಲರಿಗೂ ಕಾಣುತ್ತಿತ್ತು. 'ಗೋಡಂಬಿ ಯಾಕೆ ಹೊಡೆದಿರಿ?' ಎಂಬ ಪ್ರಶ್ನೆ ಬರುತ್ತಿತ್ತು; ವಾದವಾಗುತ್ತಿತ್ತು; ಎಷ್ಟೋ ಸಲ ಹೊಡೆದ ಗೋಡಂಬಿಯ ಪಕ್ಕದಲ್ಲಿಯೇ ಮತ್ತೆ ಗೋಡಂಬಿ ಎಂದು ಬರೆಯಬೇಕಾಗುತ್ತಿತ್ತು. ಹಳೆಯ ಹಸ್ತಪ್ರತಿಗಳನ್ನು ಓದಲು ನಾನು ಪಡುತ್ತಿದ್ದ ಪ್ರಯಾಸವನ್ನೇ ನಮ್ಮ ಚೀಟಿ ಓದಲು ಜೀನಸಿ ಅಂಗಡಿಯ ಶೆಟ್ಟರೂ ಪಟ್ಟಿರಬೇಕು.

ಆ ಚೀಟಿ ಈಗ ಮೊಬೈಲ್ ಫೋನಿನೊಳಗೆ ಸೇರಿದೆ. ಅದಕ್ಕೆ 'ಕಾರ್ಟ್' ಎಂದು ಹೆಸರು. ನಾವಿಬ್ಬರು ಮೈಸೂರಿನಲ್ಲಿ, ಮಗಳು ಬೆಂಗಳೂರಿನಲ್ಲಿ. ಅವಳ ಹೆಸರಿನ ಒಂದೇ ಖಾತೆಯನ್ನು ಮೂವರ ಫೋನುಗಳಲ್ಲಿಯೂ ತೆರೆದಿಟ್ಟಿದ್ದಾಳೆ. ಪಟ್ಟಿ ನಿಜವಾಗಿ ಇರುವುದು ಫೋನಿನಲ್ಲಲ್ಲ, ಅಂಗಡಿಯವರ ಕಂಪ್ಯೂಟರಿನಲ್ಲಿ. ಆದುದರಿಂದ ಇವಳು ಇಲ್ಲಿ ತೊಗರಿಬೇಳೆ ಹಾಕಿದರೆ ಅವಳಿಗೆ ಅಲ್ಲಿ ಕಾಣುತ್ತದೆ. ಯಾರು ಬೇಕಾದರೂ ಸೇರಿಸಬಹುದು, ಯಾರು ಬೇಕಾದರೂ ತೆಗೆಯಬಹುದು. ಹಣ ಕಟ್ಟುವವಳು ಮಾತ್ರ ಮಗಳು. ಆನ್‌ಲೈನಿನಲ್ಲಿ ಕಾರ್ಡಿನಿಂದ ಹಣ ಕೊಡುವಾಗ ಎರಡನೆಯದೊಂದು ದೃಢೀಕರಣ ಇರಬೇಕೆಂದು ರಿಸರ್ವ್ ಬ್ಯಾಂಕ್ 2009ರಲ್ಲಿಯೇ ಕಡ್ಡಾಯಗೊಳಿಸಿತು. ಆ ಒಟಿಪಿ ಬರುವುದು ಅವಳ ಫೋನಿಗೆ. ಪಟ್ಟಿ ಮೂವರದು, ಬೀಗದ ಕೈ ಒಬ್ಬಳದು.

ಕಾರ್ಟ್ ಎಂಬ ಹೆಸರಿಗೂ ಒಂದು ಚರಿತ್ರೆಯುಂಟು. ಅಮೆರಿಕದ ಓಕ್ಲಹಾಮಾ ನಗರದಲ್ಲಿ ದಿನಸಿ ಅಂಗಡಿಗಳನ್ನು ನಡೆಸುತ್ತಿದ್ದ ಸಿಲ್ವನ್ ಗೋಲ್ಡ್‌ಮನ್ ಎಂಬಾತ, ಕೈಯ ಬುಟ್ಟಿ ಭಾರವಾದೊಡನೆ ಗಿರಾಕಿ ಕೊಳ್ಳುವುದನ್ನು ನಿಲ್ಲಿಸುತ್ತಾನೆಂಬುದನ್ನು ಗಮನಿಸಿದ. ಮಡಿಚುವ ಕುರ್ಚಿಯನ್ನು ಮಾದರಿಯಾಗಿಟ್ಟುಕೊಂಡು, ಗಾಲಿ ಹಾಕಿಸಿ, ಎರಡು ಬುಟ್ಟಿಗಳನ್ನಿರಿಸಿ 1937ರಲ್ಲಿ ತಳ್ಳುಗಾಡಿಯನ್ನು ಬಳಕೆಗೆ ತಂದ. ಆ ಗಾಡಿ ಕಂಪ್ಯೂಟರಿನೊಳಗೆ ಬಂದಾಗ ಬೇರೊಂದು ತೊಡಕು ಎದುರಾಯಿತು: ಪುಟ ಬದಲಾದೊಡನೆ ಯಂತ್ರಕ್ಕೆ ಹಿಂದಿನದರ ನೆನಪಿಲ್ಲ. ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಲೂ ಮಾಂಟುಲಿ 1994ರಲ್ಲಿ 'ಕುಕಿ' ಎಂಬ ಉಪಾಯವನ್ನು ಹೂಡಿ ಅದಕ್ಕೆ ನೆನಪನ್ನು ಕೊಟ್ಟರು. ಆದರೆ ಈ ನೆನಪು ಹಾಕಿದ್ದನ್ನು ಕುರಿತದ್ದು. ತೆಗೆದದ್ದನ್ನು ಅಂಗಡಿಯವರು ಎಲ್ಲಿಯಾದರೂ ಗುರುತು ಹಾಕಿಕೊಳ್ಳುತ್ತಾರೋ ಏನೋ, ನಮ್ಮ ಪಟ್ಟಿಯಲ್ಲಂತೂ ಅದರ ಸುಳಿವೇ ಉಳಿಯುವುದಿಲ್ಲ.

ಇದು ನನಗೆ ಅರಿವಾದದ್ದು ಒಂದು ದೋಸೆಯ ಕಾವಲಿಯಿಂದ. ಒಂದು ದಿನ ಪಟ್ಟಿಯಲ್ಲಿ ಹಗುರವಾದೊಂದು ಅಲ್ಯೂಮಿನಿಯಂ ಕಾವಲಿ ಕಂಡಿತು. ಮರುದಿನ ಅದು ಇರಲಿಲ್ಲ. ನಾನು ಎರಡನ್ನೂ ನೋಡಿದೆ, ಎರಡನ್ನೂ ಕೇಳಲಿಲ್ಲ. ಸಾಮಾನು ಬಂತು, ಡಬ್ಬಗಳು ತುಂಬಿದವು. ಎರಡು ವಾರ ಕಳೆದ ಮೇಲೆ, ಬೆಳಗಿನ ತಿಂಡಿಗೆ ಉಪ್ಪಿಟ್ಟು, ಅವಲಕ್ಕಿಗಳೇ ಸರದಿಯಲ್ಲಿ ಬರುತ್ತಿರುವುದನ್ನು ಕಂಡು, 'ದೋಸೆಯನ್ನು ಮರೆತೆಯಾ?' ಎಂದು ತಮಾಷೆಯಾಗಿ ಕೇಳಿದೆ. ಅವಳು ಬಲಗೈಯ ಮಣಿಕಟ್ಟನ್ನು ಸವರಿಕೊಳ್ಳುತ್ತ, 'ಆ ಬೀಡಿನ ಕಾವಲಿ ಈಗ ಎತ್ತೋಕಾಗಲ್ಲ' ಎಂದಳು. ನೋವು ಶುರುವಾಗಿ ಎರಡು ತಿಂಗಳಾಗಿತ್ತಂತೆ.

ಮಗಳನ್ನು ಕೇಳಿದೆ. 'ಮನೆಯಲ್ಲಿ ಮೂರು ಕಾವಲಿ ಇದೆಯಲ್ಲಪ್ಪ, ಅಮ್ಮ ಕೈತಪ್ಪಿ ಒತ್ತಿರಬೇಕು ಅಂತ ತೆಗೆದೆ' ಎಂದಳು. ಅವಳದು ತಪ್ಪೆನ್ನಲಾರೆ. ಕೈತಪ್ಪಿ ಒತ್ತುವುದು ನಮ್ಮಲ್ಲಿ ಅಪರೂಪವಲ್ಲ. ನಾನೇ ಒಮ್ಮೆ ಆರು ಪೊರಕೆಗಳನ್ನು ತರಿಸಿದವನು. ಆದರೆ ಇವಳೇಕೆ ಮತ್ತೆ ಹಾಕಲಿಲ್ಲ? ಕೇಳಿದ್ದಕ್ಕೆ ಬಂದ ಉತ್ತರ ಇಷ್ಟೆ: 'ದುಡ್ಡು ಕೊಡೋಳು ಬೇಡ ಅಂದಮೇಲೆ ಬೇಡ.' ಮಗಳು ಬೇಡವೆಂದೇ ಇರಲಿಲ್ಲ. ಒಂದು ಸಾಲು ಇಲ್ಲವಾದದ್ದನ್ನು ತಾಯಿ ಒಂದು ಮಾತೆಂದು ಓದಿಕೊಂಡಳು. ನಲವತ್ತು ವರ್ಷ ನನ್ನೊಡನೆ ಗೋಡಂಬಿಗಾಗಿ ಜಗಳವಾಡಿದವಳು ಮಗಳ ದುಡ್ಡಿನೆದುರು ಸುಮ್ಮನಾದಳು. ಈ ಸಂಕೋಚ ಕಾವಲಿಗಿಂತ ಭಾರವಾದದ್ದು.

ನನ್ನ ಕಸುಬಿನ ಮಾತೊಂದನ್ನು ಇಲ್ಲಿ ಹೇಳಬೇಕು. ತಾಳೆಗರಿಯಲ್ಲಿ ಕಂಟದಿಂದ ಕೊರೆದ ಅಕ್ಷರವನ್ನು ಒರೆಸಲು ಬಾರದು. ಲಿಪಿಕಾರನು ತಪ್ಪಿದ ಕಡೆ ಗೀಟು ಹಾಕಿ ಮುಂದುವರಿಯಬೇಕು. ಹಲವು ಪ್ರತಿಗಳನ್ನು ಕೂಡಿಸಿ ಗ್ರಂಥವನ್ನು ಸಂಪಾದಿಸುವವನು ಒಂದು ಪಾಠವನ್ನು ಆರಿಸಿ ಮೇಲೆ ಅಚ್ಚುಹಾಕಿಸಿದರೂ, ಬಿಟ್ಟ ಪಾಠಾಂತರಗಳನ್ನು ಪುಟದ ಅಡಿಯಲ್ಲಿ ಕೊಡುತ್ತಾನೆ. ತಾನು ಬೇಡವೆಂದದ್ದನ್ನು ನಾಳೆ ಇನ್ನೊಬ್ಬನು ಬೇಕೆನ್ನಬಹುದೆಂಬ ವಿನಯ ಅದು. ಇದನ್ನು ವಿದ್ಯಾರ್ಥಿಗಳಿಗೆ ವರ್ಷವರ್ಷವೂ ಹೇಳಿದವನಿಗೆ, ತನ್ನ ಮನೆಯ ಪಟ್ಟಿಯಲ್ಲಿ ಪಾಠಾಂತರವೊಂದು ಅಳಿದುಹೋದದ್ದು ಕಣ್ಣಿಗೆ ಬಿದ್ದೂ ಮನಸ್ಸಿಗೆ ತಟ್ಟಲಿಲ್ಲ.

ಯಂತ್ರಕ್ಕೆ ಇದರ ಪರಿಹಾರವನ್ನು ಕಲಿಸಬಾರದೆಂದಿಲ್ಲ. ಹಾಕಿದವರ ಹೆಸರನ್ನು ಪದಾರ್ಥದ ಮುಂದೆ ತೋರಿಸುವ ಹಂಚಿಕೆಯ ಪಟ್ಟಿಗಳು ಕೆಲವು ಕಡೆ ಬಂದಿವೆ. ತಾನು ಕೇಳಿದ ಮೆಂತ್ಯದ ಮುಂದೆ ತನ್ನ ಹೆಸರು ಅಚ್ಚಾಗುವುದು ನಮ್ಮ ಮನೆಯಾಕೆಗೆ ಹಿಡಿಸೀತೆಂದು ನನಗೆ ನಂಬಿಕೆಯಿಲ್ಲ. ಮುಂದಿನ ಸಲ ಕೇಳದೆಯೇ ಉಳಿದಾಳು.

ಮಗಳು ಕಾವಲಿಯನ್ನು ಅಂದೇ ತರಿಸಿದಳು, ತಾಯಿಯನ್ನು ಮೂಳೆಯ ವೈದ್ಯರಲ್ಲಿಗೆ ಕರೆದೊಯ್ದದ್ದೂ ಅವಳೇ. ಅಲ್ಲಿಂದೀಚೆಗೆ ಭಾನುವಾರ ಬೆಳಗ್ಗೆ ಹಣ ಕಟ್ಟುವ ಮೊದಲು ಅವಳು ಫೋನು ಮಾಡಿ ಪಟ್ಟಿಯನ್ನು ಮೇಲಿಂದ ಕೆಳಗೆ ಓದುತ್ತಾಳೆ. ಮುಕ್ಕಾಲು ಗಂಟೆ ಹಿಡಿಯುತ್ತದೆ. ಸಮಯ ಉಳಿಸುವುದಕ್ಕೆಂದು ಬಂದ ಸಾಧನ ಎಂಬುದನ್ನು ಯಾರೂ ಎತ್ತಿ ಆಡುವುದಿಲ್ಲ. ಕಳೆದ ಭಾನುವಾರ ನಾಲ್ಕು ಕಿಲೋ ಬೆಲ್ಲದ ಹತ್ತಿರ ಓದು ನಿಂತಿತು. 'ಇದು ಯಾರದು?' ಎಂದಳು. ನನ್ನದೆಂದೆ. ನನ್ನ ಸಕ್ಕರೆ ಕಾಯಿಲೆಯ ವಿಚಾರ ಬಂತು, ತಾಯಿಯೂ ಮಗಳ ಕಡೆ ಸೇರಿದಳು. ಬೆಲ್ಲ ಒಂದು ಕಿಲೋಗೆ ಇಳಿಯಿತು. ನಾನು ಇನ್ನೂ ಒಪ್ಪಿಲ್ಲ.