ಬಾವಿಕಟ್ಟೆಯ ಮೇಲೆ ಕೇಳಿದ ನೀರು

(ಹಾಸ್ಟೆಲ್ ವಿದ್ಯಾರ್ಥಿಗಳ ಕೂಟದಲ್ಲಿ ಆಡಿದ ಮಾತು)



ಕ್ರೈಸ್ತ ಪ್ರೀತಿ ಅಂದರೆ ಏನು ಅಂತ ಕೇಳಿದ್ದೀರಿ. ನಾವು ಚರ್ಚಿಗೆ ಸೇರಿದ ಕೇರಿಯಲ್ಲೇ ಹುಟ್ಟಿದವರು. ಮನೆ ಮಾತನ್ನೇ ಆಡ್ತೇವೆ.

ಯೋಹಾನನ ಸುವಾರ್ತೆಯ ನಾಲ್ಕನೆ ಅಧ್ಯಾಯದಲ್ಲಿ ಒಂದು ಬಾವಿ ಇದೆ. ಬಾವಿ ಅಂದಕೂಡಲೆ ನಮ್ಮವರ ಕಿವಿ ನಿಮಿರುತ್ತೆ, ಅಲ್ಲವೆ? 1927ರಲ್ಲಿ ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಯ ನೀರು ಕುಡಿದದ್ದು ತಿಳಿದವರು ನೀವು. ಈ ಬಾವಿ ಸಮಾರ್ಯದ್ದು. ನಡುಮಧ್ಯಾಹ್ನ ಒಬ್ಬ ಹೆಂಗಸು ಕೊಡ ಹೊತ್ತು ಬರ್ತಾಳೆ. ಯೆಹೂದ್ಯರಿಗೂ ಸಮಾರ್ಯದವರಿಗೂ ಬಳಕೆ ಇರಲಿಲ್ಲ. ದಣಿದು ಕೂತಿದ್ದ ಯೇಸು ಉಪದೇಶದಿಂದ ಶುರುಮಾಡೋದಿಲ್ಲ, ಕುಡಿಯೋಕೆ ನೀರು ಕೇಳ್ತಾನೆ. ಸೇದೋಕೆ ಆತನ ಹತ್ತಿರ ಏನೂ ಇಲ್ಲ. ಆಕೆಯ ಕೊಡದಿಂದಲೇ ಕುಡೀಬೇಕು. ಆಕೆಗೇ ಆಶ್ಚರ್ಯ! ಆಮೇಲೆ ಊರವರು ಕರೆದರು ಅಂತ ಎರಡು ದಿನ ಅಲ್ಲೇ ಉಳಿದ. ಎರಡು ದಿನ ಯಾರ ಮನೇಲಿ ಉಂಡಿರಬೇಕು? ಇದನ್ನ ನಮಗೆ ಯಾವ ಪಾದ್ರಿಯೂ ಹೇಳಿಕೊಡಲಿಲ್ಲ, ನಾವೇ ಓದಿಕೊಂಡದ್ದು.

ನಾವು ಕಂಡ ಚರ್ಚು ಬೇರೆ. ಕೇರಿಗೆ ಹಳೆ ಬಟ್ಟೆ, ಹಾಲಿನಪುಡಿ ಬರೋದು. ಕೊಟ್ಟವರು ನಮ್ಮ ಲೋಟದಲ್ಲಿ ಟೀ ಕುಡೀತಿರಲಿಲ್ಲ. ಪ್ರಭುಭೋಜನದ ಪಾತ್ರೆ ಒಂದೇ, ಆದರೆ ಸರದಿಯಲ್ಲಿ ನಾವು ಕೊನೆಗೆ. ಹೂಳೋ ಜಾಗವೂ ಬೇರೆ. ಕೊಡೋದು ಸುಲಭ ಕಣ್ರಪ್ಪ. ಇನ್ನೊಬ್ಬನ ಕೈಯಿಂದ ಈಸಿಕೊಳ್ಳೋದಿದೆಯಲ್ಲ, ಅಲ್ಲಿ ಜಾತಿ ಕೈ ಹಿಡಿದು ಎಳೆಯುತ್ತೆ.

ಸರ್ಕಾರದ ಲೆಕ್ಕವೇ ಬೇರೆ. ಮತಾಂತರವಾದರೆ ಜಾತಿ ಹೋಯಿತು ಅಂತ 1950ರ ರಾಷ್ಟ್ರಪತಿ ಆಜ್ಞೆ. ಮದರಾಸಿನ ರಸ್ತೆಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಆದಿದ್ರಾವಿಡ ಸೂಸೈ ಕ್ರೈಸ್ತನಾದ್ದರಿಂದ ಸರ್ಕಾರ ಕೊಡುತ್ತಿದ್ದ ಪೆಟ್ಟಿಗೆ ಅಂಗಡಿ ಸಿಗಲಿಲ್ಲ. ಸುಪ್ರೀಂ ಕೋರ್ಟಿಗೆ ಹೋಗಿ 1985ರಲ್ಲಿ ಸೋತ. ಹೊಸ ಧರ್ಮದಲ್ಲೂ ಅಷ್ಟೇ ಕಷ್ಟ ಇದೆ ಅಂತ ಸಾಬೀತು ಬೇಕಂತೆ! ಕೈಯಲ್ಲಿದ್ದ ಉಳಿ, ದಾರ ಸಾಲಲಿಲ್ಲ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಬಾಗಿಲು ತೆರೆಯಿತು. ಕ್ರೈಸ್ತ, ಮುಸ್ಲಿಂ ದಲಿತರಿಗೆ ತೆರೆದಿಲ್ಲ.

ಆ ಹೋರಾಟ ಇದ್ದೇ ಇದೆ. ನಿಮ್ಮ ಹಾಸ್ಟೆಲಿಗೆ ಬರೋಣ. ಹೊಲೆಯರ ಹುಡುಗರು ಒಂದು ಸಾಲು, ಮಾದಿಗರ ಹುಡುಗರು ಒಂದು ಸಾಲು ಕೂತು ಉಣ್ಣೋದನ್ನ ನಾವು ನೋಡಿದ್ದೇವೆ. ಕ್ರೈಸ್ತ ಹುಡುಗನನ್ನ 'ಹಾಲಿನಪುಡಿ' ಅಂತ ರೇಗಿಸೋದನ್ನೂ ಕೇಳಿದ್ದೇವೆ. ಅವನಿಗೆ ಜ್ವರ ಬಂದ ರಾತ್ರಿ ಯಾರು ಎದ್ದು ಕೂತಿದ್ದಿರಿ?

ಊಟದ ಗಂಟೆ ಹೊಡೀತು. ನಾವು ತಟ್ಟೆ ತಂದಿಲ್ಲ. ಉಂಡವರು ಯಾರಾದರೂ ನಿಮ್ಮದನ್ನ ಕೊಡಿ, ತೊಳಕೊಂಡು ಉಣ್ತೀವಿ.