ದೂರದೇಶದ ಮಠವೊಂದರ ಕಾಯಕ



ದಾಸೋಹವು ಕಾಯಕದಿಂದ ನಡೆಯತಕ್ಕದ್ದೆಂಬುದು ಶರಣಧರ್ಮದ ಮೂಲತತ್ತ್ವ. ಕೈದುಡಿಮೆಯಿಂದ ಬಾಳಿದ ಪರದೇಶದ ಮಠವೊಂದರ ವೃತ್ತಾಂತವನ್ನು ಈ ಮಹೋತ್ಸವದಲ್ಲಿ ನಿವೇದಿಸುತ್ತೇನೆ.

ಫ್ರಾನ್ಸಿನ ಮಹಾಕ್ರಾಂತಿಯಲ್ಲಿ ದೇಶಭ್ರಷ್ಟರಾಗಿದ್ದ ಟ್ರಾಪಿಸ್ಟ್ ಸಂನ್ಯಾಸಿಗಳು 1815ರಲ್ಲಿ ಮರಳಿ ಬಂದು, ಮಾಯೆನ್ ನದೀತೀರದ ಆಂತ್ರಾಮ್ ಗ್ರಾಮದಲ್ಲಿ ನೆಲೆನಿಂತು, ತಮ್ಮ ಮಠವನ್ನು ಪೋರ್-ದ್ಯು-ಸಾಲ್ಯು ಎಂದು ಕರೆದರು. ಮೋಕ್ಷದ ರೇವು ಎಂದು ಅದರ ಅರ್ಥ. ಅವರು ಹಸುವಿನ ಹಾಲನ್ನು ಹೆಪ್ಪುಗಟ್ಟಿಸಿ, ಗಡ್ಡೆಯನ್ನು ಒತ್ತಿ ನೀರಿಳಿಸಿ, ಚೀಸಿನ ಬಿಲ್ಲೆಗಳನ್ನು ತಂಪಾದ ನೆಲಮಾಳಿಗೆಯಲ್ಲಿಟ್ಟು, ಉಪ್ಪುನೀರಿನಿಂದ ಮೇಲಿಂದ ಮೇಲೆ ತೊಳೆಯುತ್ತಿದ್ದರು. ಇದರಿಂದ ಬೂಷ್ಟು ಅಡಗಿ, ಹಿತಕರವಾದ ಸೂಕ್ಷ್ಮಜೀವಿಗಳು ಬೆಳೆದು, ಸಿಪ್ಪೆಯು ಕಿತ್ತಳೆಬಣ್ಣಕ್ಕೆ ತಿರುಗುವುದು, ತಿರುಳು ಮೃದುವಾಗುವುದು.

ಇವರು ಪಾಲಿಸುವ ನಿಯಮಾವಳಿಯು 6ನೆಯ ಶತಮಾನದ ಸಂತ ಬೆನೆಡಿಕ್ಟನದು. ಅದರಲ್ಲಿ ಎರಡು ಕಟ್ಟಳೆಗಳುಂಟು: ಲೋಭವು ನುಸುಳದಂತೆ ಮಠದ ಸರಕನ್ನು ಹೊರಗಿನವರಿಗಿಂತ ತುಸು ಕಡಿಮೆ ಬೆಲೆಗೆ ಮಾರತಕ್ಕದ್ದು, ತನ್ನ ಕೌಶಲದಿಂದಲೇ ಮಠಕ್ಕೆ ಲಾಭವೆಂದು ಗರ್ವಿಸುವವನನ್ನು ಆ ಕೆಲಸದಿಂದ ಬಿಡಿಸತಕ್ಕದ್ದು. ಹೀಗೆ ದುಡಿಮೆಯೊಡನೆ ಬರುವ ಲೋಭವನ್ನೂ ಅಹಂಕಾರವನ್ನೂ ಅವರು ಮೊದಲೇ ಕಂಡುಕೊಂಡಿದ್ದರು.

1873ರಲ್ಲಿ ಈ ಚೀಸು ಪ್ಯಾರಿಸ್ ನಗರದ ಪೇಟೆಯನ್ನು ಸೇರಿ ಪ್ರಖ್ಯಾತವಾಯಿತು. 1959ರಲ್ಲಿ ಮಠವು ಹೆಸರಿನ ಹಕ್ಕನ್ನು ಮಾರಿತು. ಇಂದು ಆ ಹೆಸರಿನ ಚೀಸು ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಸಂನ್ಯಾಸಿಗಳ ಕೈ ಅದಕ್ಕೆ ಸೋಂಕುವುದಿಲ್ಲ.

ಅವರನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಆದರೆ ಹೆಸರು ವಿಕ್ರಯವಾದೀತು, ಕಾಯಕವಾಗದು. ನಮ್ಮ ಮಠದ ಕೀರ್ತಿಯು ಹೆಚ್ಚಿದಂತೆ, ಆ ಕೀರ್ತಿಯನ್ನು ತಂದ ದುಡಿಮೆಯೂ ನಮ್ಮ ಕೈಯಲ್ಲಿ ಉಳಿದಿದೆಯೇ ಎಂದು ವಿಚಾರಿಸಿಕೊಳ್ಳಲು ಇಂತಹ ಮಹೋತ್ಸವವೇ ತಕ್ಕ ಸಮಯವೆಂದು ವಿಜ್ಞಾಪಿಸಿ ವಿರಮಿಸುತ್ತೇನೆ.